ಟ್ಯಾನರಿ ಹಳ್ಳದಲ್ಲಿ ಕಳೆದ ಕೂಳಿ

ಮಳೆ ಬಂದ ಮರುದಿನ ನಮ್ಮ ಟ್ಯಾನರಿ ಹಳ್ಳವನ್ನು ನೋಡಲು ಯಾರಿಗೂ ಮನಸ್ಸಾಗುವುದಿಲ್ಲ. ಬೀದಿಬೀದಿಯ ಚರಂಡಿ ನೀರೆಲ್ಲ ಬಂದು ಬೀಳುವುದು ಅಲ್ಲಿಗೇ. ಹಳ್ಳ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಪ್ಲಾಸ್ಟಿಕ್ ಚೀಲ, ಚಿಪ್ಸ್ ಪೊಟ್ಟಣ, ಒಂಟಿ ಚಪ್ಪಲಿ, ಒಮ್ಮೊಮ್ಮೆ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ, ಎಲ್ಲ ಕಾಲುಸೇತುವೆಯ ಕೆಳಗೆ ಬಂದು ಸಿಕ್ಕಿಕೊಳ್ಳುತ್ತವೆ. ಮೆಲ್ಬರ್ನಿನ ಉತ್ತರ ತುದಿಯ ಈ ಬಡಾವಣೆಯಲ್ಲಿ ಹುಟ್ಟಿ ಬೆಳೆದವರು ಹಳ್ಳ ಅಂದರೆ ಇಷ್ಟೇ ಅಂದುಕೊಂಡಿದ್ದರು.

ಈ ಹಳ್ಳದಲ್ಲಿ ಒಂದು ಕಾಲಕ್ಕೆ ಪ್ಲಾಟಿಪಸ್ ಇತ್ತು, ಬಾತುಕೋಳಿಯಂಥ ಕೊಕ್ಕಿರುವ ತುಪ್ಪಳದ ಪ್ರಾಣಿ. ನನ್ನ ಮಾವ ಲಯಲ್ ಪ್ಯಾಸ್ಕೋ ಅವರ ಅಜ್ಜ ಕಣ್ಣಾರೆ ಕಂಡಿದ್ದರಂತೆ. ಆಮೇಲೆ ದಂಡೆಯುದ್ದಕ್ಕೂ ತೊಗಲು ಹದಮಾಡುವ ಕಾರ್ಖಾನೆಗಳು ಬಂದವು. ನೀರು ಒಂದು ದಿನ ಕೆಂಪು, ಇನ್ನೊಂದು ದಿನ ನೀಲಿ. ಪ್ಲಾಟಿಪಸ್ ಹೋಯಿತು. ಮುಂದೆ ಕಾರ್ಖಾನೆಗಳೂ ಹೋದವು. ಹಳ್ಳಕ್ಕೆ ಅವುಗಳ ಹೆಸರು ಉಳಿಯಿತು.

ನಮ್ಮಲ್ಲಿ ಹಳ್ಳದ ಗೆಳೆಯರು ಅಂತ ಒಂದು ಬಳಗವಿದೆ. ವಾರವಾರವೂ ಕಸ ಎತ್ತುತ್ತಾರೆ, ದಂಡೆಗೆ ಗಿಡ ನೆಡುತ್ತಾರೆ. ವರ್ಷಗಟ್ಟಲೆ ಹೀಗೆ ಮಾಡಿ, ನೀರಿನ ಪರೀಕ್ಷೆ ಮಾಡಿಸಿ, ಸರ್ಕಾರದ ಅನುಮತಿ ತಂದು, ಈ ಸಲದ ಬೇಸಿಗೆ ಮುಗಿದ ಮೇಲೆ ಬೆರಳೆಣಿಕೆಯ ಪ್ಲಾಟಿಪಸ್‌ಗಳನ್ನು ದೂರದ ನದಿಯೊಂದರಿಂದ ತಂದು ಬಿಟ್ಟರು. ಒಂದೊಂದರ ಬೆನ್ನಿಗೂ ಕೋಟಿನ ಗುಂಡಿಯಷ್ಟು ದೊಡ್ಡ ರೇಡಿಯೋ ಅಂಟಿಸಿದ್ದರು. ಹೆಣ್ಣುಗಳಲ್ಲಿ ಒಂದಕ್ಕೆ ಶಾಲೆಯ ಮಕ್ಕಳು ಬೆರಿಲ್ ಎಂದು ಹೆಸರಿಟ್ಟರು. ಬೆರಿಲ್ ನಮ್ಮ ಹಿತ್ತಲ ಹಿಂದಿನ ತಿರುವಿನ ಆಸುಪಾಸಿನಲ್ಲೇ ನೆಲೆ ಮಾಡಿಕೊಂಡಿತು.

ಬಳಗದಲ್ಲಿ ಓಡಾಡುವವರ ಪೈಕಿ ನಮ್ಮ ಪಕ್ಕದ ಮನೆಯ ದೆಸ್ಪಿನಾ ಒಬ್ಬರು. ಮೊದಲು ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದರು. ಈಗ ಹಳ್ಳದ ದಂಡೆಯಲ್ಲಿ ಬಾಗಿ ಬಾಗಿ ಕೂದಲಿಗೆ ಕಟ್ಟುವ ರಬ್ಬರ್ ಬಳೆಗಳನ್ನು ಹೆಕ್ಕುತ್ತಾರೆ. "ಮಾರಿದೋಳೂ ನಾನೇ, ಹೆಕ್ಕೋಳೂ ನಾನೇ" ಅನ್ನುತ್ತಾರೆ.

ಈಸ್ಟರ್‌ಗೆ ಇನ್ನೂ ವಾರವಿದೆ ಅನ್ನುವಾಗ ದೆಸ್ಪಿನಾ ಬಿಸ್ಕತ್ತಿನ ತಟ್ಟೆ ಹಿಡಿದು ಬೇಲಿಯ ಹತ್ತಿರ ಬಂದರು. ಲಯಲ್ ಟೊಮ್ಯಾಟೊ ಗಿಡಗಳನ್ನು ಕೀಳುತ್ತಿದ್ದರು. ನನ್ನ ಅತ್ತೆ ಗ್ವೆನ್ ಬಟ್ಟೆ ಒಣಹಾಕುತ್ತಿದ್ದರು.

"ಲಯಲ್, ನಿನ್ನ ಶೆಡ್ಡಲ್ಲಿ ಯಾಬಿ ಹಿಡಿಯೋ ಕೂಳಿ ಇದೆ ಅಲ್ವಾ? ನಾಳೆ ಫುಟ್‌ಬಾಲ್ ಮೈದಾನದ ಮೂಲೇಲಿ ಮೇಜು ಹಾಕಿರ್ತೀವಿ. ಹಳೇ ಕೂಳಿ ಕೊಡು, ಮೇಲುಗಡೆ ಬಾಯಿ ತೆರೆದಿರೋ ಎತ್ತುಬಲೆ ತಗೊಂಡು ಹೋಗು. ಬಿಟ್ಟಿ."

ಯಾಬಿ ಅಂದರೆ ನಮ್ಮ ಹಳ್ಳ ಕೆರೆಗಳ ಸಿಗಡಿ. ಕೂಳಿ ಅಂದರೆ ಅದನ್ನು ಹಿಡಿಯುವ ಮುಚ್ಚಿದ ಬಲೆಗೂಡು. ಬೋರಲು ಹಾಕಿದ ಬುಟ್ಟಿಯ ಹಾಗಿರುತ್ತದೆ. ಎರಡು ಕಡೆ ಆಲಿಕೆಯಂಥ ಬಾಯಿ. ಒಳಗೆ ಮಾಂಸದ ತುಂಡು ಕಟ್ಟಿ ನೀರಿನ ತಳಕ್ಕೆ ಬಿಡುತ್ತಾರೆ. ಹೊಕ್ಕಿದ್ದು ಹೊರಬರುವುದಿಲ್ಲ. ಈಗ ಕಾಯಿದೆಯಲ್ಲೇ ನಿಷೇಧವಿದೆ. ಆದರೆ ನಮ್ಮ ಬೀದಿಯಲ್ಲಿ ಕೂಳಿ ಇಲ್ಲದ ಶೆಡ್ಡು ಹುಡುಕುವುದು ಕಷ್ಟ.

"ಬಿಟ್ಟಿ ಕೊಡೋರನ್ನ ಕಂಡ್ರೆ ನಂಗೆ ಭಯ" ಅಂದರು ಲಯಲ್.

"ಇಷ್ಟು ವರ್ಷದಿಂದ ನನ್ನ ಬಿಸ್ಕತ್ತು ಬಿಟ್ಟಿ ತಿಂತಿದ್ದೀಯಲ್ಲ, ಅದಕ್ಕೆ ಭಯ ಇಲ್ವಾ?"

"ಅದಕ್ಕೂ ಭಯಾನೇ. ಹಲ್ಲು ಹೋಗಿದ್ದು ಮತ್ತೆ ಯಾತರಿಂದ?"

ಅತ್ತೆ ಬಟ್ಟೆಯ ಹಿಂದಿನಿಂದಲೇ ನಕ್ಕರು.

"ತಮಾಷೆ ಸಾಕು. ಆ ಕೂಳಿಯೊಳಗೆ ಪ್ಲಾಟಿಪಸ್ ಹೊಕ್ಕರೆ ಮುಳುಗಿ ಸಾಯುತ್ತೆ ಕಣೋ."

"ನೀರಲ್ಲಿರೋ ಪ್ರಾಣಿ ನೀರಲ್ಲಿ ಮುಳುಗಿ ಸಾಯುತ್ತಾ? ಮೀನಿಗೆ ಈಜು ಕಲಿಸಿ ಅಂದ ಹಾಗಾಯ್ತು. ನಮ್ಮ ಚಿಕ್ಕಮ್ಮನ ಹೆಸರೂ ಬೆರಿಲ್ಲೇ. ಅವಳಿಗೂ ಈಜು ಬರ್ತಿರಲಿಲ್ಲ."

"ಅದು ಮೀನಲ್ಲ. ಮರಿಗೆ ಹಾಲು ಕುಡಿಸೋ ಪ್ರಾಣಿ. ನಿನ್ನ ಹಾಗೇ ಉಸಿರಾಡುತ್ತೆ."

"ನಾನು ಯಾರಿಗೂ ಹಾಲು ಕುಡಿಸಿಲ್ಲ."

"ಲಯಲ್!" ಅಂದರು ಅತ್ತೆ.

ದೆಸ್ಪಿನಾ ತಟ್ಟೆಯನ್ನು ಬೇಲಿಗಂಬದ ಮೇಲಿಟ್ಟು, ಕೈ ಚಾಚಿ ಲಯಲ್ ಅವರ ಮೂಗು ಹಿಡಿದರು. "ಬಾಯಿ ಮುಚ್ಚು. ನಿಂಗೆ ಕಷ್ಟದ ಕೆಲಸ. ಆದ್ರೂ ಮುಚ್ಚು. ಕಣ್ಣೂ ಮುಚ್ಚು. ಹಾಂ. ಈಗ ನೀನು ನೀರೊಳಗಿದ್ದೀಯ. ಪ್ಲಾಟಿಪಸ್ ನೀರಿಗೆ ಇಳಿದ್ರೆ ಕಣ್ಣು, ಕಿವಿ, ಮೂಗು ಎಲ್ಲಾ ಮುಚ್ಚಿಕೊಳ್ಳುತ್ತೆ. ಊಟಾನ ಕೊಕ್ಕಲ್ಲೇ ತಡಕಿ ಹುಡುಕುತ್ತೆ. ಕೂಳಿ ತುಂಬಾ ಯಾಬಿ ಇದೆ. ಒಳಗೆ ಹೋದೆ. ತಿಂದೆ. ಉಸಿರು ಬೇಕು. ಮೇಲೆ ಬಾ. ತಲೆ ಮೇಲೆ ಬಲೆ. ಒಳಗೆ ಬಂದ ಬಾಯಿ ಯಾವ ಕಡೆ? ಗೊತ್ತಿಲ್ಲ. ಹುಡುಕು. ಹುಡುಕು ಲಯಲ್. ಆ ಕಡೆ ಅಲ್ಲ. ಈ ಕಡೇನೂ ಅಲ್ಲ."

ಲಯಲ್ ಮುಖ ಕೆಂಪಗಾಯಿತು. ಅವರ ಕೈ ಗಾಳಿಯಲ್ಲಿ ಆಡಿತು. ಕೊನೆಗೆ ದೆಸ್ಪಿನಾ ಅವರ ಕೈಯನ್ನು ತಳ್ಳಿ ಬುಸ್ಸೆಂದು ಉಸಿರು ಬಿಟ್ಟರು.

"ಸತ್ತೆ" ಅಂದರು ದೆಸ್ಪಿನಾ.

ಅತ್ತೆಯ ನಗು ನಿಂತಿತು. ದೆಸ್ಪಿನಾಗೂ ತಕ್ಷಣ ಗೊತ್ತಾಯಿತು. ನಮ್ಮ ಮನೆಯಲ್ಲಿ ಆ ಮಾತನ್ನು ಆಡುವುದಿಲ್ಲ. ಲಯಲ್ ಮತ್ತು ಗ್ವೆನ್ ಅವರ ಒಬ್ಬನೇ ಮಗ ಕ್ಯಾಲಮ್ ಹೋದ ಚಳಿಗಾಲದಲ್ಲಿ ತೀರಿಕೊಂಡ. ಕ್ಯಾಲಮ್ ನನ್ನ ಗಂಡ. ನಾನು ಈಗಲೂ ಅವರ ಹಿತ್ತಲಿನ ಚಿಕ್ಕ ಮನೆಯಲ್ಲೇ ಇದ್ದೇನೆ.

ಲಯಲ್ ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಆ ಕೂಳಿ ಅವನದು. ಕೊಡಲ್ಲ."

"ಕೊಡಬೇಡ. ಇಟ್ಕೋ," ಅಂದರು ದೆಸ್ಪಿನಾ ಮೆಲ್ಲಗೆ. "ನೀರಿಗೆ ಮಾತ್ರ ಇಳಿಸಬೇಡ ಮಾರಾಯ."

ಲಯಲ್ ಒಂದು ಬಿಸ್ಕತ್ತು ತೆಗೆದುಕೊಂಡು ಶೆಡ್ಡಿನ ಕಡೆ ಹೋದರು.

ಮಂಗಳವಾರ ರಾತ್ರಿ ಜೋರು ಮಳೆ ಬಂತು. ಬುಧವಾರ ಹಳ್ಳ ದಂಡೆ ಮುಟ್ಟಿ ಹರಿಯಿತು. ಆ ಇಡೀ ದಿನ ಲಯಲ್ ಹಿತ್ತಲ ಗೇಟಿಗೂ ಮನೆಗೂ ಓಡಾಡುತ್ತಲೇ ಇದ್ದರು. "ಏನ್ರೀ ಅದು, ಕೋಳಿ ಮೊಟ್ಟೆ ಇಡೋಕೆ ಜಾಗ ಹುಡುಕಿದ ಹಾಗೆ?" ಎಂದು ಅತ್ತೆ ಕೇಳಿದರು. "ನೀರು ಎಷ್ಟು ಬಂದಿದೆ ಅಂತ ನೋಡ್ತಿದ್ದೆ" ಅಂದರು.

ಗುರುವಾರ ಬೆಳಿಗ್ಗೆ ನಾವು ಮೂವರೂ ಚಹಾ ಕುಡಿಯುತ್ತಿದ್ದಾಗ ದೆಸ್ಪಿನಾ ಬಾಗಿಲು ತಟ್ಟದೆ ಒಳಗೆ ಬಂದರು. ಕೊರಳಲ್ಲಿ ಪ್ಲಾಟಿಪಸ್‌ಗಳ ಸದ್ದು ಹಿಡಿಯುವ ರೇಡಿಯೋ ಪೆಟ್ಟಿಗೆ ನೇತಾಡುತ್ತಿತ್ತು. ಬೂಟಿನಲ್ಲಿ ಕೆಸರು. ಅಡುಗೆಮನೆಗೆ ಕೆಸರು ತಂದರೆ ಸುಮ್ಮನಿರುವ ಹೆಂಗಸಲ್ಲ ನನ್ನ ಅತ್ತೆ. ಆದರೆ ದೆಸ್ಪಿನಾ ಮುಖ ನೋಡಿ ಸುಮ್ಮನಾದರು.

"ಬೆರಿಲ್ ಅಲ್ಲಾಡ್ತಿಲ್ಲ."

"ಅಂದ್ರೆ?"

"ಮಳೆ ಬಂದಾಗಿನಿಂದ ಸದ್ದು ಒಂದೇ ಜಾಗದಿಂದ ಬರ್ತಿದೆ. ಕಾಲುಸೇತುವೆ ಹತ್ತಿರ. ನಿನ್ನೆ ಸಂಜೇನೂ ಅಲ್ಲೇ, ಇವತ್ತು ಬೆಳಿಗ್ಗೇನೂ ಅಲ್ಲೇ. ಸಂಜೆ ಆದ್ರೆ ಅದು ಊಟಕ್ಕೆ ಹೊರಡಲೇಬೇಕು. ಪ್ಲಾಟಿಪಸ್ ಹೊಟ್ಟೆ ಹಸಿದುಕೊಂಡು ಇರೋ ಪ್ರಾಣಿ ಅಲ್ಲ."

"ಬಿಲದಲ್ಲಿ ಮಲಗಿರಬಹುದು," ಅಂದರು ಅತ್ತೆ.

"ಇರಬಹುದು. ಬೆನ್ನಿನ ರೇಡಿಯೋ ಕಳಚಿ ಬಿದ್ದಿರಬಹುದು. ಅದಕ್ಕೆ ಹಾಕಿರೋದು ಬರೀ ಅಂಟು. ಇಲ್ಲಾಂದ್ರೆ..." ದೆಸ್ಪಿನಾ ಕುರ್ಚಿ ಎಳೆದು ಕೂತರು. "ಬಿಟ್ಟಿರೋದೇ ಅಷ್ಟು. ಅದರಲ್ಲಿ ಹೆಣ್ಣು ಹೋದ್ರೆ ಮರಿ ಎಲ್ಲಿಂದ ಬರಬೇಕು? ಈ ಹಳ್ಳ ಅವಕ್ಕೆ ಕ್ಷೇಮ ಅಲ್ಲ ಅಂತ ಬರೆದುಬಿಟ್ರೆ ಮತ್ತೆ ಬಿಡೋಕೆ ಅನುಮತೀನೂ ಕೊಡಲ್ಲ. ಇಷ್ಟು ವರ್ಷ ಗಿಡ ನೆಟ್ಟಿದ್ದು ಬಾತುಕೋಳಿಗೆ ನೆರಳಾಗಲಿ ಅಂತಾನಾ?"

ನಾನು ಲಯಲ್ ಕಡೆ ನೋಡಿದೆ. ಮಾತಿಗೆ ಮಾತು ಜೋಡಿಸುವವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಕಾಲುಸೇತುವೆಗಿಂತ ಮೇಲೋ, ಕೆಳಗೋ?" ಎಂದು ಕೇಳಿದರು.

"ಸ್ವಲ್ಪ ಕೆಳಗೆ. ಮರ ಬಿದ್ದಿದೆಯಲ್ಲ, ಅಲ್ಲಿ. ಯಾಕೆ?"

"ನೀರು ಅಲ್ಲಿಗೇ ತಳ್ಳುತ್ತೆ" ಅಂದರು ಲಯಲ್. "ತಿರುವಿನಿಂದ ಏನು ಕಿತ್ತುಕೊಂಡು ಹೋದ್ರೂ ಅಲ್ಲಿಗೇ ಹೋಗಿ ಬೀಳುತ್ತೆ."

ಮುಂದಿನದನ್ನೂ ಅವರೇ ಹೇಳಿದರು.

"ಮಂಗಳವಾರ ಸಂಜೆ ಕೂಳಿ ಇಳಿಸಿದೆ. ಒಂದು ರಾತ್ರಿ ತಾನೇ ಅಂದ್ಕೊಂಡೆ. ಗುಡ್ ಫ್ರೈಡೇ ದಿನ ಯಾಬಿ ಬೇಯಿಸದೆ ಇದ್ದದ್ದೇ ಇಲ್ಲ ಈ ಮನೇಲಿ. ಅವನಿದ್ದಿದ್ರೆ ಇಳಿಸ್ತಿದ್ದ. ಬೆಳಿಗ್ಗೆ ಎತ್ತೋಣ ಅಂತ ಹೋದ್ರೆ ಹಗ್ಗ ತುಂಡಾಗಿತ್ತು."

"ಕ್ಯಾಲಮ್‌ದಾ?" ಅಂದರು ಅತ್ತೆ. "ಕ್ಯಾಲಮ್ ಕೂಳೀನಾ ಇಳಿಸಿದ್ರಿ?"

"ಹೂಂ."

"ಬೇಡ ಅಂತ ಇವಳು ಮೂಗು ಹಿಡಿದು ಹೇಳಿದ್ಲು. ಮೂಗು ಹಿಡಿದು! ನಾನು ನಗ್ತಾ ನಿಂತಿದ್ದೆ. ಮತ್ತೆ ನಿನ್ನೆಯಿಂದ ಬಾಯಿ ಬಿಡದೆ ಇದ್ರಲ್ಲ!"

"ಹೇಳಿದ್ರೆ ಏನಾಗ್ತಿತ್ತು?"

"ನಿನ್ನೆ ಬೆಳಿಗ್ಗೆ ಹೇಳಿದ್ರೆ ನಿನ್ನೇನೇ ಹುಡುಕ್ತಿದ್ವಿ, ಲಯಲ್," ಅಂದರು ದೆಸ್ಪಿನಾ. ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. "ಕೂಳಿ ಕಳೆದುಹೋದ್ರೆ ಸುಮ್ಮನೆ ಬಿದ್ದಿರಲ್ಲ. ಒಳಗೆ ಹೊಕ್ಕ ಯಾಬಿಗಳು ಸಾಯ್ತವೆ. ಅದರ ವಾಸನೆಗೆ ಇನ್ನೊಂದು ಬರುತ್ತೆ. ಅದನ್ನ ತಿನ್ನೋಕೆ ಮತ್ತೊಂದು. ಯಾರೂ ಎತ್ತದೆ ಇದ್ರೂ ಅದು ಹಿಡೀತಾನೇ ಇರುತ್ತೆ."

ಲಯಲ್ ಎದ್ದರು. "ಟೆಸ್, ನಿನ್ನ ಗಂಬೂಟು ಎಲ್ಲಿದೆ?" ಎಂದು ನನ್ನನ್ನು ಕೇಳಿದರು.

ನೀರು ಅರ್ಧಕ್ಕೆ ಇಳಿದಿತ್ತು. ಬಣ್ಣ ಮಾತ್ರ ಹಾಗೇ ಇತ್ತು. ತಿರುವಿನ ಬೇರಿಗೆ ಕಟ್ಟಿದ ಹಗ್ಗದ ತುಂಡು ನಮಗೆ ಮೊದಲು ಸಿಕ್ಕಿತು. ಅಲ್ಲಿಂದ ದಂಡೆ ಹಿಡಿದು ಕೆಳಕ್ಕೆ ಹೋದೆವು. ಲಯಲ್ ಉದ್ದನೆಯ ಕೊಕ್ಕೆಗೋಲಿನಿಂದ ಒಂದೊಂದು ಪೊದೆಯನ್ನೂ ಕೆದಕಿದರು. ಸೈಕಲ್ ಟೈರು ಬಂತು. ಚೀಲ ಬಂತು. ಒಂದು ಸಲ ಕಪ್ಪಗಿನ ಏನೋ ಮೇಲೆ ಬಂದಾಗ ಅತ್ತೆ "ಅಯ್ಯೋ" ಎಂದು ನನ್ನ ತೋಳು ಹಿಡಿದರು. ಅದು ಯಾರದೋ ಉಣ್ಣೆ ಟೋಪಿ.

ದೆಸ್ಪಿನಾ ರೇಡಿಯೋ ಹಿಡಿದು ಮುಂದೆ ನಡೆಯುತ್ತಿದ್ದರು. ಟಿಕ್, ಟಿಕ್, ಟಿಕ್. ಬಿದ್ದ ಮರದ ಹತ್ತಿರ ಹೋದಂತೆ ಸದ್ದು ಗಟ್ಟಿಯಾಯಿತು. ಅದರ ಕೊಂಬೆಗಳ ನಡುವೆ ಹಳ್ಳದ ಕಸವೆಲ್ಲ ಗುಡ್ಡೆಯಾಗಿತ್ತು. ಆ ಗುಡ್ಡೆಯ ಪಕ್ಕದಲ್ಲಿ ಕಾರ್ಕಿನ ಬೆಂಡೊಂದು ತೇಲುತ್ತಿತ್ತು. ಬೆಂಡಿನ ಮೇಲೆ ಬಿಳಿ ಬಣ್ಣದಲ್ಲಿ ನಮ್ಮ ಮನೆಯ ನಂಬರು. ಕ್ಯಾಲಮ್ ಬರೆದದ್ದು.

"ಅದೇ," ಅಂದರು ಲಯಲ್.

ಅವರು ಇಳಿಯಲು ಹೋದರು. ಅತ್ತೆ ಕೋಟು ಹಿಡಿದೆಳೆದರು. "ನಿಮ್ಮ ಮಂಡಿ ಇಟ್ಕೊಂಡು? ನಿಮ್ಮನ್ನೂ ಆಮೇಲೆ ಕೊಕ್ಕೆ ಹಾಕಿ ಎಳೀಬೇಕಾ?"

ನಾನು ಇಳಿದೆ. ನೀರು ಸೊಂಟದವರೆಗೆ ಬಂತು. ಗಂಬೂಟು ತುಂಬಿಕೊಂಡಿತು. ಚಳಿ ಇತ್ತು. ಬೆಂಡಿನ ಹಗ್ಗ ಹಿಡಿದು ಕೆಳಗೆ ಕೈ ಬಿಟ್ಟೆ. ಕಂಬಿಯ ಬಳೆ ಸಿಕ್ಕಿತು. ಕೂಳಿ ಕೊಂಬೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಬಲೆಯ ಮೇಲೆ ಕೈಯಾಡಿಸಿದೆ. ಬೆರಳಿಗೆ ತುಪ್ಪಳ ತಾಗಿತು.

"ಏನಾದ್ರೂ ಇದೆಯಾ?" ಎಂದು ಲಯಲ್ ಕೇಳಿದರು.

"ಇದೆ."

"ಯಾಬೀನಾ?"

"ಅಲ್ಲ."

ರೇಡಿಯೋ ಟಿಕ್ ಟಿಕ್ ಅನ್ನುತ್ತಲೇ ಇತ್ತು. ನಾನು ಎರಡೂ ಕೈಯಿಂದ ಎಳೆದೆ. ಲಯಲ್ ದಂಡೆಯಿಂದ ಹಗ್ಗ ಜಗ್ಗಿದರು. ಕೂಳಿ ನೀರು ಸುರಿಸುತ್ತಾ ಮೇಲೆ ಬಂತು. ಒಳಗೆ ಸತ್ತ ಯಾಬಿಗಳ ರಾಶಿ. ಅದರ ಮೇಲೆ ಕಂದು ಬಣ್ಣದ ಒದ್ದೆ ಮೈ. ಅದರ ಮೂತಿ ಚಾವಣಿಯ ಬಲೆಯ ಕಣ್ಣಿನಿಂದ ಹೊರಗೆ ಚಾಚಿತ್ತು. ಉಗುರುಗಳು ದಾರಕ್ಕೆ ಸಿಕ್ಕಿಕೊಂಡಿದ್ದವು.

ಲಯಲ್ ಹುಲ್ಲಿನ ಮೇಲೆ ಕೂತುಬಿಟ್ಟರು. "ನಾನು ಕೊಂದೆ. ಅವನ ಕೂಳೀಲಿ."

ದೆಸ್ಪಿನಾ ಮಂಡಿಯೂರಿ ಬಲೆಯೊಳಗೆ ಕೈ ಹಾಕಿ ಅದನ್ನು ತಿರುಗಿಸಿದರು. "ಬಾಲ ನೋಡು. ಸಪೂರ ಇದೆ. ತುದಿ ಬಿಳಿ. ಇದು ಬೆರಿಲ್ ಅಲ್ಲ. ನೀರಿಲಿ."

"ಇಲಿನಾ?" ಲಯಲ್ ತಲೆ ಎತ್ತಿದರು. "ಬರೀ ಇಲಿ?"

"ಬರೀ ಇಲಿ ಅನ್ನಬೇಡ. ಹೆಸರಿಗೆ ಇಲಿ. ನಿನ್ನ ಶೆಡ್ಡಿನ ಹಿಟ್ಟಿನ ಮೂಟೆ ಕೊರೆಯೋ ಜಾತಿ ಅಲ್ಲ. ಇದೂ ಈ ನೆಲದ್ದೇ. ಇದನ್ನ ಯಾರೂ ತಂದು ಬಿಡಲಿಲ್ಲ. ಅನುಮತಿ ಕೇಳಲಿಲ್ಲ, ಮಕ್ಕಳು ಹೆಸರಿಡಲಿಲ್ಲ. ನೀರು ಸುಧಾರಿಸಿದೆ ಅಂತ ತಾನಾಗೇ ನಡ್ಕೊಂಡು ಬಂದಿತ್ತು."

ಲಯಲ್ ಅದರ ಉಗುರುಗಳನ್ನು ಒಂದೊಂದಾಗಿ ದಾರದಿಂದ ಬಿಡಿಸಿದರು. ತಮ್ಮ ಸ್ವೆಟರ್ ಬಿಚ್ಚಿ ಅದಕ್ಕೆ ಸುತ್ತಿದರು.

ಬೆರಿಲ್ ಎಲ್ಲಿ ಅನ್ನುವುದು ಇನ್ನೂ ಗೊತ್ತಾಗಿರಲಿಲ್ಲ. ಟಿಕ್ ಸದ್ದು ನಿಂತಿರಲಿಲ್ಲ. ಅದು ಮರದ ಹಿಂದಿನ ದಂಡೆಯ ಒಳಗಿಂದ ಬರುತ್ತಿತ್ತು.

"ಬಿಲದೊಳಗಿದೆ," ಅಂದರು ದೆಸ್ಪಿನಾ. "ಜೀವಂತ ಇದೆಯೋ, ಒಳಗೇ ಜೀವ ಹೋಗಿದೆಯೋ ಗೊತ್ತಿಲ್ಲ. ಅಗೆಯೋ ಹಾಗಿಲ್ಲ. ಕತ್ತಲಾಗೋ ಹೊತ್ತಿಗೆ ಹೊರಡಬೇಕು. ಹೊರಟ್ರೆ ಬದುಕಿದೆ."

"ಹೊರಟ ಮೇಲೆ ಬೇರೆ ಕೂಳೀಲಿ ಸಿಕ್ಕಿಬಿದ್ರೆ?" ಅಂದೆ ನಾನು.

"ಅದನ್ನೇ ನಾನೂ ಯೋಚನೆ ಮಾಡ್ತಿರೋದು. ಲಯಲ್ ಬಾಯಿ ಬಿಟ್ಟ. ಬಿಡದೇ ಇರೋರು ಎಷ್ಟು ಜನ ಇದ್ದಾರೋ."

ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ಬಂದೆ. ಅತ್ತೆ ಫ್ಲಾಸ್ಕಿನಲ್ಲಿ ಚಹಾ ತುಂಬಿ, ರೊಟ್ಟಿ ತುಂಡಿಗೆ ಬೆಣ್ಣೆ ಸವರಿಕೊಂಡು ತಂದರು. ಲಯಲ್ ತಿನ್ನಲಿಲ್ಲ. ಟ್ರ್ಯಾಮು ಸೇತುವೆ ದಾಟುವ ಸದ್ದು ಬಂದಾಗಲೆಲ್ಲ ದೆಸ್ಪಿನಾ ಹಲ್ಲು ಕಚ್ಚಿ ರೇಡಿಯೋವನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದರು. ನಾಯಿ ಹಿಡಿದುಕೊಂಡು ಬಂದ ಒಬ್ಬಾತ ಏನಾಯಿತು ಎಂದು ಕೇಳಿದ. ಅತ್ತೆಯೇ ಹೇಳಿದರು. ಆತ ನಾಯಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಹೊರಟುಹೋದ.

ಬೆಳಕು ಇಳಿಯಿತು. ಕೊಕ್ಕರೆಗಳು ಮೈದಾನದ ಮರಕ್ಕೆ ಹೋಗಿ ಕೂತವು. ಬೀದಿ ದೀಪ ಹತ್ತಿತು. ಟಿಕ್, ಟಿಕ್. ಅದೇ ಜಾಗ.

"ಏನಾದ್ರೂ ಹೇಳು ದೆಸ್ಪಿನಾ," ಅಂದರು ಲಯಲ್.

"ಏನು ಹೇಳಲಿ?"

"ಏನಾದ್ರೂ. ಬೈದ್ರೂ ಸರಿ."

"ಬೈಯೋಕೆ ನಾಳೆ ಬರ್ತೀನಿ. ಈಗ ಸುಮ್ನಿರು."

ಆಮೇಲೆ ಸದ್ದು ಸಣ್ಣದಾಯಿತು. ದೆಸ್ಪಿನಾ ಎದ್ದು ನಿಂತರು. ಪೆಟ್ಟಿಗೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಸದ್ದು ಪೂರ್ತಿ ನಿಂತಿತು. ಅತ್ತೆ ನನ್ನ ಕೈ ಹಿಡಿದರು.

ಕಾಲುಸೇತುವೆಯ ಮೇಲ್ಗಡೆಯಿಂದ ಸದ್ದು ಬಂತು. ಟಿಕ್. ತಡೆದು, ಮತ್ತೆ ಟಿಕ್. ಹಳ್ಳದ ಮೇಲೆ ಗುಳ್ಳೆಗಳ ಗೆರೆಯೊಂದು ಎದುರು ನೀರಿಗೆ ನಿಧಾನವಾಗಿ ಸಾಗುತ್ತಿತ್ತು. ಪ್ರಾಣಿ ನಮಗೆ ಕಾಣಲಿಲ್ಲ. ಗೆರೆ ಮಾತ್ರ ಕಂಡಿತು.

ದೆಸ್ಪಿನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಹಳ್ಳದ ಕಡೆ ಕೈ ನೀಡಿ, "ನಿನ್ನ ಮನೆ ಹಾಳಾಗ! ಇಷ್ಟು ಹೊತ್ತು ಮಲಗ್ತಾರೇನೇ ಹೆಣ್ಣುಮಕ್ಕಳು?" ಎಂದು ಬೈದರು. ಬೈಯುತ್ತಾ ಅತ್ತರು.

ಲಯಲ್ ನಗಲಿಲ್ಲ. ಸ್ವೆಟರಿನ ಗಂಟನ್ನು ಎತ್ತಿಕೊಂಡು ಮನೆ ಕಡೆ ನಡೆದರು. ನೀರಿಲಿಯನ್ನು ಹಿತ್ತಲ ಬೇಲಿಯ ಹೊರಗೆ, ಹಳ್ಳದ ಬದಿಯಲ್ಲಿ ಹೂತರು. ಸ್ವೆಟರನ್ನೂ ಅದರ ಜೊತೆಗೇ ಬಿಟ್ಟರು.

ಮರುದಿನ ಗುಡ್ ಫ್ರೈಡೇ. ಅತ್ತೆ ಡಬ್ಬದ ಮೀನಿನಿಂದ ವಡೆ ಮಾಡಿದರು. ಊಟಕ್ಕೆ ಮೊದಲು ಲಯಲ್ ಕೂಳಿಯನ್ನು ತೊಳೆದು ಹಿತ್ತಲ ಮೇಜಿನ ಮೇಲೆ ಇಟ್ಟರು. ಪಕ್ಕದಲ್ಲಿ ತಗಡು ಕತ್ತರಿಸುವ ಕತ್ತರಿ ಇಟ್ಟರು. ನನ್ನನ್ನು ಕರೆದರು.

"ಇದು ಅವನದು. ಅಂದ್ರೆ ನಿಂದು. ನಾನು ಕೇಳದೆ ತಗೊಂಡು ಹೋದೆ. ಇಟ್ಕೋತೀನಿ ಅಂದ್ರೆ ಇಟ್ಕೋ. ಶೆಡ್ಡಿಗೆ ಬೀಗ ಹಾಕ್ತೀನಿ."

ಬಲೆಯಲ್ಲಿ ಒಂದು ಕಡೆ ಕ್ಯಾಲಮ್ ಹಸಿರು ದಾರದಿಂದ ಹೊಲಿದ ಜಾಗವಿತ್ತು. ಗಟ್ಟಿಯಾದ ಹೊಲಿಗೆ. ಅಷ್ಟು ಗಟ್ಟಿ ಇಲ್ಲದಿದ್ದರೆ ನೀರಿಲಿ ಅಲ್ಲಿಂದ ಹೊರಗೆ ಬರುತ್ತಿತ್ತೇನೋ.

"ಶೆಡ್ಡಲ್ಲಿದ್ರೆ ಇನ್ನೊಂದು ಈಸ್ಟರ್‌ಗೆ ಯಾರಾದ್ರೂ ತೆಗೀತಾರೆ," ಅಂದೆ.

ಕತ್ತರಿ ತೆಗೆದುಕೊಂಡೆ. ಮೊದಲು ಎರಡೂ ಬಾಯಿಗಳನ್ನು ಕತ್ತರಿಸಿದೆ. ಆಮೇಲೆ ಚಾವಣಿ. ಕಂಬಿಯ ಬಳೆ ನನ್ನ ಕೈಯಲ್ಲಿ ಆಗಲಿಲ್ಲ. ಅದನ್ನು ಲಯಲ್ ಕತ್ತರಿಸಿದರು. ಹಸಿರು ದಾರವನ್ನೂ ಕತ್ತರಿಸಿದೆವು. ಅತ್ತೆ ಕಾರ್ಕಿನ ಬೆಂಡನ್ನು ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಬೆಂಡಿನಿಂದ ಯಾರಿಗೂ ಏನೂ ಆಗುವುದಿಲ್ಲ.

ಶನಿವಾರ ಲಯಲ್ ಬೀದಿಯ ಒಂದೊಂದು ಬಾಗಿಲನ್ನೂ ತಟ್ಟಿದರು. ಜೊತೆಗೆ ನಾನೂ ಹೋದೆ.

"ಏನಪ್ಪಾ ಲಯಲ್, ಪೊಲೀಸ್ ಕೆಲಸಕ್ಕೆ ಸೇರಿಕೊಂಡ್ಯಾ?" ಎಂದು ಮೂಲೆಮನೆಯ ಬ್ರೂನೋ ನಕ್ಕರು.

"ಪೊಲೀಸ್ ಅಲ್ಲ ಮಾರಾಯ, ಕಳ್ಳ. ಸಿಕ್ಕಿಬಿದ್ದೋನು. ನಿನ್ನ ಶೆಡ್ಡಲ್ಲಿ ಕೂಳಿ ಇದೆಯಾ?"

"ಇದೆ. ಆದ್ರೆ ನಾನು ಉಪಯೋಗಿಸಲ್ಲಪ್ಪ."

"ನಾನೂ ಉಪಯೋಗಿಸ್ತಿರಲಿಲ್ಲ," ಅಂದರು ಲಯಲ್. "ಒಂದೇ ಒಂದು ರಾತ್ರಿ."

ಬ್ರೂನೋ ಶೆಡ್ಡಿಗೆ ಹೋಗಿ, ಜೇಡರ ಬಲೆ ಕಟ್ಟಿದ ಎರಡು ಕೂಳಿ ತಂದು ನಮ್ಮ ಮುಂದೆ ಇಟ್ಟರು. ಹೊರಡುವಾಗ, ಹೋದ ಬೇಸಿಗೆಯಲ್ಲಿ ಮೂರನೆಯದೊಂದು ಮೇಲಿನ ಕಟ್ಟೆಯ ಹತ್ತಿರ ಕಳೆದುಹೋಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅದನ್ನು ಇನ್ನೂ ಹುಡುಕುತ್ತಿದ್ದೇವೆ.

ಹಳ್ಳದ ಪಕ್ಕದಲ್ಲಿ ಬದುಕುವ ನೆರೆಹೊರೆಯವರೇ, ನಾನು ಇದನ್ನೆಲ್ಲ ಬರೆದ ಈ ಚೀಟಿ ನಿಮ್ಮ ಮನೆಗೂ ಬಂದಿದೆ ಅಂದರೆ ನಿಮ್ಮ ಬೀದಿಯ ಚರಂಡಿಯೂ ಟ್ಯಾನರಿ ಹಳ್ಳಕ್ಕೇ ಬಂದು ಬೀಳುತ್ತದೆ. ಒಮ್ಮೆ ನಿಮ್ಮ ಶೆಡ್ಡಿನಲ್ಲಿ ನೋಡಿ. ಮುಚ್ಚಿದ ಕೂಳಿ ಇದ್ದರೆ ಮೈದಾನದ ಮೂಲೆಯ ಮೇಜಿಗೆ ತಂದುಕೊಡಿ. ಕೊಡಲು ಮನಸ್ಸು ಬಾರದಿದ್ದರೆ ನೀವೇ ಕತ್ತರಿಸಿ. ಯಾರ ನೆನಪಿಗೆ ಇಟ್ಟುಕೊಂಡಿದ್ದೀರಿ ಎಂದು ನಾವು ಕೇಳುವುದಿಲ್ಲ. ಯಾಬಿ ತಿನ್ನಬೇಡಿ ಎಂದೂ ಹೇಳುವುದಿಲ್ಲ. ಬಾಯಿ ತೆರೆದ ಎತ್ತುಬಲೆಯಲ್ಲಿ ಹಿಡಿಯಿರಿ, ಹತ್ತಿರ ಕೂತು ಹಿಡಿಯಿರಿ. ಕೂದಲಿನ ರಬ್ಬರ್ ಬಳೆ, ಬಾಟಲಿಯ ಮುಚ್ಚಳದ ಉಂಗುರ, ದುಂಡಗಿರುವ ಏನನ್ನೇ ಆಗಲಿ ಕಸಕ್ಕೆ ಹಾಕುವ ಮುಂಚೆ ಒಂದು ಸಲ ಕತ್ತರಿಸಿ. ಅದು ಹಳ್ಳಕ್ಕೆ ಬಂದರೆ ಯಾವುದಾದರೂ ಪ್ರಾಣಿಯ ಕೊರಳಿಗೆ ಬೀಳುತ್ತದೆ. ಬಣ್ಣದ ಬ್ರಷ್ಷನ್ನು ಬೀದಿಯ ಚರಂಡಿಯಲ್ಲಿ ತೊಳೆಯಬೇಡಿ. ದಂಡೆಯಲ್ಲಿ ನಾಯಿಯನ್ನು ಹಗ್ಗ ಬಿಚ್ಚಿ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಿಮ್ಮ ಕೂಳಿ ಎಂದಾದರೂ ನೀರಿನಲ್ಲಿ ಕಳೆದುಹೋಗಿದ್ದರೆ, ನಿನ್ನೆಯಾಗಲಿ, ಹೋದ ವರ್ಷವಾಗಲಿ, ಬಂದು ಹೇಳಿ. ನಾಚಿಕೆ ಬೇಡ. ದೆಸ್ಪಿನಾ ಮನೆಯ ಬಾಗಿಲು ತಟ್ಟಿ, ಇಲ್ಲವೇ ನಮ್ಮದು ತಟ್ಟಿ. ನೀರಿಗೆ ಇಳಿದು ಹುಡುಕಲು ನಾವಿದ್ದೇವೆ. ಜಾಗ ಹೇಳಲು ನೀವು ಬೇಕು. ನೀವು ಹೇಳುವವರೆಗೂ ಅದು ನೀರಿನ ಅಡಿಯಲ್ಲಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.